ಹಿಂದಿನ ಕೋಣೆಯಲ್ಲಿ ವೈಫೈ ಯಾಕೆ ತೆವಳುತ್ತದೆ?

ಧಾರವಾಡದ ಹಳೇ ಮನೆ, ಪಡಸಾಲೆಯಲ್ಲಿ ಓಡುವ ವೈಫೈ ಅಡುಗೆಮನೆ ದಾಟಿದರೆ ನಿಧಾನ ಅಂತ ಕೇಳಿದ್ದೀರಿ.

ಮೊದಲು ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೂಟರ್‌ಗೆ ಜೋಡಿಸಿ ಸ್ಪೀಡ್ ನೋಡಿ. ಅಲ್ಲೂ ಕಡಿಮೆಯಿದ್ದರೆ ಇಂಟರ್ನೆಟ್ ಕಂಪನಿಗೆ ದೂರು ಕೊಡಿ. ಸರಿಯಿದ್ದರೆ ತೊಂದರೆ ಗೋಡೆಯದ್ದು. ವೈಫೈ ಸಿಗ್ನಲ್‌ನಲ್ಲಿ ಮುಖ್ಯವಾಗಿ ಎರಡು ಬಗೆ, 5 ಮತ್ತು 2.4 ಗಿಗಾಹರ್ಟ್ಸ್. ನಮ್ಮ ಕಡೆಯ ದಪ್ಪ ಕಲ್ಲು-ಮಣ್ಣಿನ ಗೋಡೆಯಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಇಂಗಿಹೋಗುತ್ತದೆ. 2.4 ಗಿಗಾಹರ್ಟ್ಸ್ ಇನ್ನಷ್ಟು ದೂರ ಮುಟ್ಟುತ್ತದೆ, ವೇಗ ಮಾತ್ರ ಕಡಿಮೆ. ಅಕ್ಕಪಕ್ಕದ ರೂಟರ್‌ಗಳ ಗದ್ದಲವಿದ್ದರೆ ರೂಟರ್‌ನ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್‌ನ 1, 6, 11ನೇ ಚಾನೆಲ್‌ಗಳಲ್ಲಿ (ಸಿಗ್ನಲ್ ಓಡುವ ದಾರಿಗಳಲ್ಲಿ) ಖಾಲಿಯಿರುವುದನ್ನು ಆರಿಸಿ.

ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ರೂಟರ್ ಕಬ್ಬಿಣದ ತಿಜೋರಿಯ ಹಿಂದಿತ್ತು. ಕಬ್ಬಿಣ ಸಿಗ್ನಲ್ಲನ್ನು ತಡೆದೇ ಬಿಡುತ್ತದೆ. ರೂಟರನ್ನು ಅಲ್ಲಿಂದ ತೆಗೆದು ನಡುಮನೆಯ ಕಂಬಕ್ಕೆ ಎದೆಯೆತ್ತರದಲ್ಲಿ ಕಟ್ಟಿದೆ, ಅವ್ವನ ವಿಡಿಯೋ ಕಾಲ್ ನಡುವೆ ನಿಲ್ಲುವುದು ತಪ್ಪಿತು.

ಅದಕ್ಕೂ ಬಗ್ಗದಿದ್ದರೆ ಅಗ್ಗದ ಎಕ್ಸ್‌ಟೆಂಡರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಸಾಧನ) ಬೇಡ, ಅದು ಹೆಚ್ಚಾಗಿ ವೇಗವನ್ನು ಅರ್ಧಕ್ಕಿಳಿಸುತ್ತದೆ. ಹಿಂದಿನ ಕೋಣೆಗೆ ಕೇಬಲ್ ಎಳೆದು ಇನ್ನೊಂದು ರೂಟರ್ ಇಡಿ.