ಉಪನ್ಯಾಸ ಚಿತ್ರೀಕರಿಸಿದರೆ ಆನ್‌ಲೈನ್ ಕಲಿಕೆಯಾಗುವುದೇ?

ಪ್ರಶ್ನೆ: ನಾನು ಪಾಠ ಮಾಡುವ ವಿಶ್ವವಿದ್ಯಾಲಯವು ಮುಂದಿನ ವರ್ಷದಿಂದ ಎಲ್ಲ ವಿಭಾಗಗಳಲ್ಲೂ ಆನ್‌ಲೈನ್ ಕಲಿಕೆಯನ್ನು ಅಳವಡಿಸಲು ಹೊರಟಿದೆ. ತರಗತಿಯ ಉಪನ್ಯಾಸಗಳನ್ನು ಚಿತ್ರೀಕರಿಸಿ ಹಾಕಿದರೆ ಸಾಕೆಂಬುದು ಆಡಳಿತದ ನಿಲುವು. ತಮ್ಮ ಅಭಿಪ್ರಾಯವೇನು?
– ಅಧ್ಯಾಪಕಿ, ಜಯನಗರ, ಬೆಂಗಳೂರು

ಉತ್ತರ: ಖಂಡಿತ ಸಾಲದು. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಯು ಮೊದಲು ಉಪನ್ಯಾಸಗಳನ್ನಷ್ಟೇ ಒದಗಿಸುತ್ತಿತ್ತು. ಪ್ರಮಾಣಪತ್ರ ನೀಡಲು ಮುಂದಾದಾಗ ವಾರವಾರದ ಅಭ್ಯಾಸಗಳು, ಸಂದೇಹ ಪರಿಹಾರಕ್ಕೆ ಚರ್ಚಾವೇದಿಕೆ ಮತ್ತು ಕೇಂದ್ರಕ್ಕೆ ಹೋಗಿ ಬರೆಯಬೇಕಾದ ಪರೀಕ್ಷೆ, ಇವೆಲ್ಲವನ್ನೂ ಜೋಡಿಸಬೇಕಾಯಿತು. ತಮ್ಮ ಆಡಳಿತ ಗಮನಿಸಬೇಕಾದದ್ದು ಈ ಎರಡನೆಯ ಹಂತವನ್ನು.

ಎಲ್ಲವನ್ನೂ ಒಮ್ಮೆಲೇ ಬದಲಿಸುವ ಅಗತ್ಯವೂ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮಾವಳಿಯು ಒಂದು ಸೆಮಿಸ್ಟರಿನಲ್ಲಿ ಶೇ. 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯ ಮೂಲಕ ಪಡೆಯಲು ಅವಕಾಶ ನೀಡಿದೆ. ಪ್ರಯೋಗಾಲಯದ ಕೆಲಸವನ್ನು ಪರದೆಗೆ ಒಯ್ಯುವ ಹಟವನ್ನಂತೂ ಬಿಡುವುದೇ ಲೇಸು.

ನನ್ನ ಮಟ್ಟಿಗೆ ನಿಜವಾದ ತೊಡಕು ಅಧ್ಯಾಪಕರ ಸಮಯದ್ದು. ನೂರು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ರಾತ್ರಿ ಕುಳಿತು ಉತ್ತರಿಸುವುದನ್ನು ಕಾರ್ಯಭಾರವೆಂದು ಲೆಕ್ಕಕ್ಕೆ ಹಿಡಿಯದಿದ್ದರೆ, ಎಷ್ಟೇ ದುಬಾರಿಯಾದ ತಂತ್ರಾಂಶ ಕೊಂಡರೂ ಅದು ಟಿಪ್ಪಣಿಗಳ ಕಪಾಟಾಗಿ ಉಳಿಯುತ್ತದೆ. (ಆನ್‌ಲೈನ್ ತರಗತಿ ನಡೆಸಲು ಬಳಸುವ ‘ಮೂಡಲ್’ ತಂತ್ರಾಂಶಕ್ಕೆ ಪರವಾನಗಿ ಶುಲ್ಕವೇ ಇಲ್ಲವೆಂಬುದನ್ನು ಆಡಳಿತಕ್ಕೆ ತಿಳಿಸಿ, ಸರ್ವರ್ ಹಾಗೂ ನಿರ್ವಹಣೆಯ ಖರ್ಚು ಮಾತ್ರ ತಪ್ಪದು.) ಕನ್ನಡ ಮಾಧ್ಯಮದಿಂದ ಬಂದು ಮೊಬೈಲಿನಲ್ಲೇ ಓದುವ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಹತ್ತು ನಿಮಿಷಗಳ ತುಣುಕುಗಳಾಗಿಸಿ, ಕನ್ನಡ ಅಡಿಬರಹದೊಡನೆ, ಇಳಿಸಿಕೊಳ್ಳಲು ಬರುವಂತೆ ಕೊಡಿ.