ಸರೀಸೃಪಗಳ ಗೂಡನ್ನು ಮನೆಯಲ್ಲೇ ಕಟ್ಟುವುದಾದರೆ ಯಾವ ಸಾಮಗ್ರಿ ಒಳ್ಳೆಯದು?

ಒಣ ಹವೆಯ ಹಲ್ಲಿ, ಹಾವುಗಳಿಗಾದರೆ ಒಳಮೈಗೆ ನೀರು ಬೆರೆಸುವ ಬಗೆಯ ಪಾಲಿಯುರೆಥೇನ್ (ಮರಕ್ಕೆ ಬಳಿಯುವ ಒಂದು ಬಗೆಯ ವಾರ್ನಿಷ್) ಬಳಿದ ಪ್ಲೈವುಡ್ ಮತ್ತು ಮುಂಭಾಗಕ್ಕೆ ಗಾಜು ಸೂಕ್ತ. ಸರೀಸೃಪಗಳು ಮೈಶಾಖವನ್ನು ಮುಖ್ಯವಾಗಿ ಹೊರಗಿನಿಂದ ಪಡೆಯುವುದರಿಂದ ಗೂಡಿನ ಒಂದು ತುದಿ ಬೆಚ್ಚಗೂ ಇನ್ನೊಂದು ತಂಪಾಗಿಯೂ ಇರಬೇಕು. ಗಾಜಿನಷ್ಟು ಬೇಗ ಶಾಖ ಬಿಟ್ಟುಕೊಡದ ಮರದ ಗೋಡೆಗಳು ಬೆಚ್ಚಗಿನ ತುದಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತವೆ.

ಸೀಡರ್ ಮರವನ್ನು ಮಾತ್ರ ಖಂಡಿತ ಬಳಸಬೇಡಿ. ಅದರ ಪರಿಮಳಕ್ಕೆ ಕಾರಣವಾದ, ಸುಲಭವಾಗಿ ಆವಿಯಾಗುವ ತೈಲಗಳು ಮುಚ್ಚಿದ ಬಿಸಿ ಜಾಗದಲ್ಲಿ ತುಂಬಿಕೊಂಡು ಪ್ರಾಣಿಯ ಶ್ವಾಸಾಂಗಗಳನ್ನು ಕೆರಳಿಸುತ್ತವೆ. ಪಾಲಿಯುರೆಥೇನ್ ಕೂಡ ಚೆನ್ನಾಗಿ ಒಣಗಿ, ವಾಸನೆ ಪೂರ್ತಿ ಹೋಗುವವರೆಗೆ ಪ್ರಾಣಿಯನ್ನು ಒಳಗೆ ಬಿಡಬಾರದು.

ಹಲಗೆಗಳು ಕೂಡುವ ಸಂದಿಗಳಿಗೆ ಬೂಷ್ಟುನಾಶಕ ಬೆರೆಸದ ಸಿಲಿಕೋನ್ ತುಂಬಿರಿ. ನೀರಿನ ಬಟ್ಟಲು ಚೆಲ್ಲಿದಾಗ ಪ್ಲೈವುಡ್ ಉಬ್ಬತೊಡಗುವುದು ಸಾಮಾನ್ಯವಾಗಿ ಅಲ್ಲಿಂದಲೇ.