ಡಿಸ್ಚಾರ್ಜ್ ಮಾಡಿಟ್ಟ ಕೆಪಾಸಿಟರ್ ಮತ್ತೆ ಕಿಡಿ ಹಾರಿಸಿದ್ದಕ್ಕೆ

ಡಿಸ್ಚಾರ್ಜ್ ಮಾಡಿ ಪೆಟ್ಟಿಗೆಯಲ್ಲಿಟ್ಟ ನಿಮ್ಮ 450 ವೋಲ್ಟ್, 4,700 ಮೈಕ್ರೋಫ್ಯಾರಡ್ ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಭಾಗ) ವಾರ ಬಿಟ್ಟು ಕಿಡಿ ಹಾರಿಸಿದ್ದಕ್ಕೆ ಕಾರಣ ಬಹುಶಃ ಡೈಎಲೆಕ್ಟ್ರಿಕ್ ಅಬ್ಸಾರ್ಪ್ಷನ್. ಒಳಗಿನ ಪದರ ಹೀರಿಕೊಂಡ ಚಾರ್ಜ್ ನಿಧಾನವಾಗಿ ಟರ್ಮಿನಲ್‌ಗೆ ವಾಪಸ್ ಬರುತ್ತದೆ.

ಮೊದಲು ಮಲ್ಟಿಮೀಟರ್‌ನಲ್ಲಿ ಡಿಸಿ ವೋಲ್ಟೇಜ್ ನೋಡಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ, ದಯವಿಟ್ಟು. ಪೂರ್ತಿ ಚಾರ್ಜ್ ಇದ್ದರೆ ಸುಮಾರು 475 ಜೂಲ್ ಒಂದೇ ಏಟಿಗೆ ಹೊರಬರುತ್ತದೆ. ಲೋಹ ಕರಗಿ ಸಿಡಿಯುತ್ತದೆ, ಕೈ ತಗುಲಿದರೆ ಜೀವಕ್ಕೇ ಅಪಾಯ.

10 ಕಿಲೋಓಮ್, 25 ವ್ಯಾಟ್‌ನ ವೈರ್‌ವೌಂಡ್ (ತಂತಿ ಸುತ್ತಿದ) ರೆಸಿಸ್ಟರನ್ನು ಇನ್ಸುಲೇಷನ್ ಇರುವ ಕ್ಲಿಪ್‌ಗಳಿಂದ ಎರಡೂ ಟರ್ಮಿನಲ್‌ಗಳ ನಡುವೆ ಸಿಕ್ಕಿಸಿ 5 ನಿಮಿಷ ಬಿಡಿ. ಬಿಸಿಯಾಗುತ್ತದೆ, ಮುಟ್ಟಬೇಡಿ. ಮತ್ತೆ ಅಳೆಯಿರಿ. 1 ವೋಲ್ಟ್‌ಗಿಂತ ಕಡಿಮೆ ಬಂದ ಮೇಲೆ ಎರಡೂ ಟರ್ಮಿನಲ್‌ಗೆ ಬರಿ ತಾಮ್ರದ ತಂತಿ ಸುತ್ತಿ ಸ್ಕ್ರೂ ಬಿಗಿ ಮಾಡಿ. ಕೆಪಾಸಿಟರ್ ಸುಮ್ನೆ ಇರುವಷ್ಟು ದಿನವೂ ಆ ತಂತಿ ಅಲ್ಲೇ ಇರಲಿ. ಒಣಗಿದ, ತಣ್ಣನೆಯ ಜಾಗ ಸಾಕು. ಕೆಪಾಸಿಟರ್‌ನ ತಲೆ ಉಬ್ಬಿದ್ದರೆ ಮಾತ್ರ ಇಡಲೇಬೇಡಿ, ಡಿಸ್ಚಾರ್ಜ್ ಮಾಡಿ ಇ-ತ್ಯಾಜ್ಯಕ್ಕೆ ಕೊಡಿ.